ಮೊದಲ ತುತ್ತು

ಕಾರ್ತೀಕ ಮುಗಿಯುತ್ತಾ ಬಂದಿತ್ತು. ಹಿಪ್ಪುನೇರಳೆ ತೋಟದಲ್ಲಿ ಎಲೆಯ ಮೇಲಿನ ಮಂಜು ಆರಲಿ ಎಂದು ಕಾದು ನಿಂತಿದ್ದ ಹೆಣ್ಣಾಳುಗಳು ಆಗಷ್ಟೇ ಕುಡುಗೋಲು ಹಿಡಿದು ಸಾಲಿಗೆ ಇಳಿದಿದ್ದರು. ಹುಳ ನಾಲ್ಕನೇ ಜ್ವರ ಎದ್ದಿದ್ದವು. ರೇಷ್ಮೆ ಕಾಣದವರು ಇಲ್ಲಿ ಇರಬಹುದು, ಅವರಿಗಾಗಿ ಹೇಳುತ್ತೇನೆ: ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವುಗಳ ಹಸಿವು ನೋಡಬೇಕು! ಹುಳದ ಮನೆಯ ಹೊರಗೆ ನಿಂತರೆ ಒಳಗೆ ಸಣ್ಣಗೆ ಮಳೆ ಹಿಡಿದ ಹಾಗೆ ಸದ್ದು.

ಆ ಬಾಗಿಲಲ್ಲಿ ಒಬ್ಬ ಶ್ರೀಮಂತ ಹೊಟ್ಟೆ ಹಿಡಿದುಕೊಂಡು ನಿಂತಿದ್ದ, ನೋಡಿ. ಅವನ ಕಥೆಯನ್ನೇ ಇವತ್ತು ನಾನು ಹೇಳುವುದು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಅವನ ಊರು ಹುಡುಕುತ್ತೀರಿ, ನಿಮ್ಮ ಊರು ಮರೆಯುತ್ತೀರಿ.

ದೊಡ್ಡ ತೋಟ, ದೊಡ್ಡ ಹುಳದ ಮನೆ. ಮಾರುಕಟ್ಟೆಗೆ ಹೋದರೆ ಇವನ ರೇಷ್ಮೆಗೂಡಿಗೆ ಜನ ಮುಗಿಬೀಳುತ್ತಿದ್ದರು. ಯಾಕೆ? ಇವನು ಯಾರನ್ನೂ ನಂಬುತ್ತಿರಲಿಲ್ಲ, ಅದಕ್ಕೆ. ಹುಳದ ಮನೆಯ ಹೊಸಿಲಲ್ಲಿ ಸುಣ್ಣದ ಪುಡಿ ಹರಡಿರುತ್ತಿದ್ದ. ಅದನ್ನು ಮೆಟ್ಟಿ ಬಾರದವರಿಗೆ ಒಳಗೆ ಜಾಗವಿಲ್ಲ. ಬೇರೆಯವರ ಹುಳ ಮುಟ್ಟಿ ಬಂದವರಿಗೆ ಅಂಗಳದಲ್ಲೂ ಜಾಗವಿಲ್ಲ. ಒಂದು ತಟ್ಟೆ ಹುಳ ಕೊಳೆತರೆ, "ಯಾರ್ ಬಂದಿದ್ರು? ಯಾರ್ ಮುಟ್ಟಿದ್ರು?" ಎಂದು ಇಡೀ ಮನೆಯನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಅದು ತಪ್ಪೇ? ತಪ್ಪಲ್ಲ. ಹುಳಕ್ಕೆ ರೋಗ ಬರುವುದು ಹೊರಗಿನ ಕೈಯಿಂದ, ಹೊರಗಿನ ಕಾಲಿಂದ. ಹುಳದ ಮನೆಗೆ ಆ ಅನುಮಾನ ಬೇಕು. ಆದರೆ ಅದೇ ಅನುಮಾನವನ್ನು ಅಡುಗೆಮನೆಗೂ ತಂದರೆ?

ಅವನ ಹೊಟ್ಟೆ ಕೆಟ್ಟು ಎರಡು ವರ್ಷ ದಾಟಿತ್ತು. ಉಂಡದ್ದು ನಿಲ್ಲುತ್ತಿರಲಿಲ್ಲ. ತೋಟದ ನಡುವೆ ಆಳುಗಳಿಗೆ ಏನೋ ಹೇಳುತ್ತಿದ್ದವನು ಅರ್ಧಕ್ಕೇ ಮಾತು ಬಿಟ್ಟು ಓಡಬೇಕಾಗುತ್ತಿತ್ತು. ನಗಬೇಡಿ, ಹಿಂದೆ ಕೂತವರೇ. ಓಡಿದವನಿಗೆ ಗೊತ್ತು ಆ ಅವಮಾನ. ಬಾಯೊಳಗೆ ಹುಣ್ಣು. ಸಂಜೆಯಾದರೆ ಮೈ ಬೆಚ್ಚಗೆ. ಮೊಣಕಾಲು ಊದಿ, ಕೂತರೆ ಏಳಲಾಗದು. ಕೆಲವು ದಿನ ಹೀಗೆ ಕಾಡಿ, ಹೇಳದೆ ಕೇಳದೆ ಹೊರಟುಹೋಗುತ್ತಿತ್ತು. ಇನ್ನು ವಾಸಿ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಹಾಜರು.

ತಾಲ್ಲೂಕಿನಲ್ಲಿ ತೋರಿಸಿದ. ಜಿಲ್ಲೆಯಲ್ಲಿ ತೋರಿಸಿದ. ರಕ್ತ ಕೊಟ್ಟ, ಸ್ಕ್ಯಾನ್ ಆಯಿತು, ಕ್ಯಾಮೆರಾ ಇದ್ದ ಕೊಳವೆ ಇಳಿಸಿ ಕರುಳು ನೋಡಿದರು. ಕೊನೆಗೆ ಒಬ್ಬ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದಳು: "ಕರುಳಲ್ಲಿ ಉರಿಯೂತ ಇದೆ. ಆದರೆ ಇದು ಇಂಥದ್ದೇ ಕಾಯಿಲೆ ಅಂತ ಹೇಳೋಕೆ ನನಗೆ ಇನ್ನೂ ಆಗ್ತಿಲ್ಲ."

"ಹೆಸರೇ ಇಲ್ಲದ್ದಕ್ಕೆ ಮಾತ್ರೆ ಯಾಕವ್ವ?"

"ಉರಿ ಕಮ್ಮಿ ಆಗೋಕೆ. ಮೈಯನ್ನ ಕಾಯೋದಕ್ಕೆ ಒಂದು ಶಕ್ತಿ ಇರುತ್ತೆ ನೋಡಿ, ಅದು ನಿಮ್ಮ ಮೈ ಮೇಲೇ ತಿರುಗಿ ಬಿದ್ದಿರೋ ಹಾಗಿದೆ. ಕಾವಲು ನಾಯಿ ಕಳ್ಳನ್ನ ಬಿಟ್ಟು ಮನೆಯವರನ್ನೇ ಕಚ್ಚಿದ ಹಾಗೆ. ತಿಂಗಳಿಗೊಮ್ಮೆ ಬರ್ತಾ ಇರಿ. ಬಿಡಬೇಡಿ."

ಎಷ್ಟು ಚೆನ್ನಾಗಿ ಹೇಳಿದಳು ಆ ತಾಯಿ! ಇವನ ತಲೆಯಲ್ಲಿ ಉಳಿದದ್ದೇನು ಗೊತ್ತೇ? ಮನೆಯವರು. ಅದೊಂದೇ ಮಾತು.

ಗೂಡಿನ ಮಾರುಕಟ್ಟೆಯಲ್ಲಿ ಸ್ನೇಹಿತನೊಬ್ಬ ಅದಕ್ಕೆ ತುಪ್ಪ ಸುರಿದ. "ಅಷ್ಟು ದೊಡ್ಡ ಮಿಸನ್ನಿಗೇ ಸಿಗ್ನಿಲ್ಲ ಅಂದ್ರೆ ಏನಣ್ಣೋ ಅರ್ಥ? ಮದ್ದು ಕಣಣ್ಣ. ಅನ್ನದಾಗೆ ಯಾರೋ ಇಕ್ಕವ್ರೆ."

ಮದ್ದು ಇಕ್ಕುವುದು ಎಂದರೆ ನಿಮಗೆ ನಾನು ಬಿಡಿಸಿ ಹೇಳಬೇಕೇ? ಈ ಸಭೆಯಲ್ಲಿ ಒಮ್ಮೆಯಾದರೂ ಯಾರ ಮನೆಯ ಕಾಫಿಯನ್ನೋ ಅನುಮಾನದಿಂದ ಮೂಸಿ ನೋಡದವರು ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ. ನನಗೆ ಗೊತ್ತು.

ಮದ್ದು ತೆಗೆಯುವ ಹೆಂಗಸೊಬ್ಬಳಿದ್ದಳು. ಅವಳು ಯಾವುದೋ ಸೊಪ್ಪಿನ ರಸ ಕುಡಿಸಿದಳು. ಅವನು ಕರುಳು ಕಿತ್ತುಬರುವ ಹಾಗೆ ವಾಂತಿ ಮಾಡಿದ. ಬೋಗುಣಿಯಲ್ಲಿ ಕಂಡ ಬೂದುಬಣ್ಣದ ಗಂಟನ್ನು ಕಡ್ಡಿಯಲ್ಲಿ ಕೆದಕಿ, "ನೋಡು, ಕೂತಿತ್ತು," ಎಂದಳು.

"ಯಾರ್ ಕೈ?"

"ಹೆಣ್ ಕೈ. ಮನೆ ಒಳಗಿನ್ ಕೈ. ಎಸರು ನಾನ್ ಯೋಳಕಿಲ್ಲ. ನಿಂಗೇ ಗೊತ್ತದೆ."

ನಿನಗೇ ಗೊತ್ತು. ನೋಡಿ, ಇದಕ್ಕಿಂತ ಕೆಟ್ಟ ಮದ್ದು ಇನ್ನೊಂದಿಲ್ಲ. ಅದನ್ನು ಕಿವಿಯಲ್ಲಿ ಹಾಕಿಸಿಕೊಂಡು ಅವನು ಬಸ್ಸು ಹತ್ತಿದ. ಊರು ಬರುವಷ್ಟರಲ್ಲಿ ಅವನಿಗೆ ಗೊತ್ತಾಗಿಬಿಟ್ಟಿತ್ತು.

ಹೆಂಡತಿ ಹಗಲೆಲ್ಲ ಹುಳದ ಮನೆಯಲ್ಲಿ. ಒಗ್ಗರಣೆಯ ಹೊಗೆ ಹುಳಕ್ಕೆ ಆಗದು ಎಂದು ಒಲೆಯ ಹತ್ತಿರ ಅವಳನ್ನು ಇವನೇ ಬಿಡುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದವಳು ಇವನ ಅಕ್ಕ. ತಾಯಿ ಸತ್ತಾಗ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ಮಗಳ ಕೈ ಹಿಡಿದು ತಮ್ಮನ ಮನೆಗೆ ಬಂದವಳು. ಆ ಮಗಳನ್ನು ಇವನ ಮಗನಿಗೆ ತಂದುಕೊಳ್ಳಲಿ ಎಂದು ಅವಳಿಗೆ ಆಸೆ ಇತ್ತು. ಒಮ್ಮೆ ಬಾಯಿಬಿಟ್ಟು ಕೇಳಿದ್ದಳು. ಇವನು ಒಲ್ಲೆ ಎಂದಿದ್ದ. ಹುಡುಗಿಯನ್ನು ಬೇರೆ ಊರಿಗೆ ಕೊಟ್ಟದ್ದಾಯಿತು. ಅಕ್ಕ ಅದನ್ನು ಅಂದೇ ಮರೆತಿದ್ದಳು. ಮರೆತಿದ್ದಳೋ ಇಲ್ಲವೋ? ಬಸ್ಸಿನ ಕಿಟಕಿಯಲ್ಲಿ ಕೂತು ಅವನು ಕೇಳಿಕೊಂಡದ್ದು ಇದನ್ನೇ. ಕಾಯಿಲೆ ಶುರುವಾದದ್ದು ಆ ಮದುವೆಯ ಆಜುಬಾಜಿನಲ್ಲೇ ಅಲ್ಲವೇ?

ಮಧ್ಯಾಹ್ನ ಅಕ್ಕ ಮುದ್ದೆ, ಬಸ್ಸಾರು ಬಡಿಸಿದಳು. ಇವನು ಕೈ ಹಾಕಲಿಲ್ಲ.

"ಯಾಕ್ ತಮ್ಮಯ್ಯ? ಉಪ್ಪು ಕಮ್ಮಿ ಆಯ್ತಾ?"

"ಮೊದ್ಲು ನೀನ್ ತಿನ್ನು."

"ನಾನಾ? ಇನ್ನೂ ಆಳುಗಳಿಗೆ ಇಕ್ಬೇಕು."

"ನನ್ ತಟ್ಟೇಲೇ. ಒಂದ್ ತುತ್ತು."

ಅಕ್ಕ ನಕ್ಕುಬಿಟ್ಟಳು. "ಚಿಕ್ಕೋನಿದ್ದಾಗ ಅಟ್ಟಾಡಿಸ್ಕೊಂಡು ಹೋಗಿ ತಿನ್ನಿಸ್ತಿದ್ದೆ. ಈಗ ನಂಗೇ ತಿನ್ನುಸ್ತೀಯಾ?"

ತಮ್ಮ ನಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯ ಮುಖ ನೋಡಿದಳು. ಅವಳು ತಲೆ ತಗ್ಗಿಸಿದಳು. ಅಕ್ಕನಿಗೆ ಅರ್ಥವಾಯಿತು. ಕೂತಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಅವನು ಅವಳ ಮುಖವನ್ನೇ ನೋಡುತ್ತಾ ಕೂತ. ಅವಳು ನೋಡಿಸಿಕೊಳ್ಳುತ್ತಾ ಕೂತಳು. ಮುದ್ದೆ ಆರಿ ತಣ್ಣಗಾಯಿತು.

ಮಾರನೆಯ ದಿನ ಅವನು ಹೇಳಬೇಕಾಗಲಿಲ್ಲ. ತಟ್ಟೆ ಇಟ್ಟವಳೇ ಮೊದಲ ತುತ್ತು ತಾನು ತಿಂದಳು. ಆಮೇಲೆ ದಿನವೂ ಅದೇ. ಹಾಗಂತ ಕಾಯಿಲೆ ಸುಮ್ಮನಿತ್ತೇ? ಅದು ಬರುವ ಹೊತ್ತಿಗೆ ಬಂತು. ಅವನು ಒದರಿದ: "ನಿಂಗ್ ತಾಕ್ದಂಗೆ ಮೊದ್ಲೇ ಮಾರುಮದ್ದು ತಕ್ಕೊಂಡು ಬಂದು ಕೂರ್ತೀಯ ನೀನು!"

ಅಕ್ಕ ತನ್ನ ಬಟ್ಟೆಯ ಗಂಟು ಕಟ್ಟಿದಳು. ಹೊಸಿಲು ದಾಟುವಾಗ ಒಂದು ಮಾತು ಹೇಳಿದಳು, ಅಷ್ಟೇ: "ಹುಳದ್ ಮನೆಗೆ ಸುಣ್ಣ ಮೆಟ್ಕೊಂಡು ಬಾ ಅಂದೆ, ಮೆಟ್ಟಿದೆ. ಈ ಮನೆ ಒಳೀಕೆ ಏನ್ ಮೆಟ್ಕೊಂಡು ಬರ್ಲಿ ನಾನು?" ಮಗಳ ಊರಿಗೆ ಹೋದಳು.

ಈಗ ಕೇಳಿ. ಅಕ್ಕ ಹೋದ ಕೆಲವೇ ದಿನಕ್ಕೆ ಅವನಿಗೆ ವಾಸಿಯಾಯಿತು! ಹುಣ್ಣು ಮಾಯ್ದವು, ಮೊಣಕಾಲಿನ ಊತ ಇಳಿಯಿತು. ಅರಳಿಕಟ್ಟೆಯಲ್ಲಿ ಕೂತು ಊರಿಗೆಲ್ಲ ಹೇಳಿದ: "ಕೈ ದೂರ ಆಯ್ತು, ನೋವೂ ದೂರ ಆಯ್ತು." ಇದ್ದವರೆಲ್ಲ ತಲೆ ಆಡಿಸಿದರು. ಒಬ್ಬ ಹೆಣ್ಣುಮಗಳ ಮಾನ ಆ ಕಟ್ಟೆಯ ಮೇಲೆ ಹೋಯಿತು. ಡಾಕ್ಟರಮ್ಮನ ಮಾತ್ರೆಯನ್ನೂ ನಿಲ್ಲಿಸಿಬಿಟ್ಟ.

ಹೆಂಡತಿ ಮೆಲ್ಲಗೆ ಅಂದಳು: "ಹೋದ್ ಸಲಾನೂ ಹಿಂಗೇ ತಾನಾಗೇ ನೆಟ್ಟಗಾಗಿದ್ರಿ. ಅತ್ಗೆಮ್ಮ ಆಗ ಇಲ್ಲೇ ಇದ್ರು."

ಅವನು ಅವಳತ್ತ ತಿರುಗಿದ. "ನೀನ್ಯಾಕೆ ಅವಳ ಪರ ಮಾತಾಡ್ತಿದ್ದೀಯ?"

ನೋಡಿ, ಅನುಮಾನ ಎಷ್ಟು ಸಲೀಸಾಗಿ ಒಂದು ಮಣೆಯಿಂದ ಎದ್ದು ಇನ್ನೊಂದು ಮಣೆಯ ಮೇಲೆ ಕೂರುತ್ತದೆ! ಬೇಸಿಗೆಯಲ್ಲಿ ಹೊಟ್ಟೆ ಮತ್ತೆ ಹಿಡಿದುಕೊಂಡಾಗ ಅವನು ಹೆಂಡತಿಯ ಕೈಯ ನೀರನ್ನೂ ಕುಡಿಯಲಿಲ್ಲ. ತೋಟದ ಪಂಪ್‌ಮನೆಯಲ್ಲಿ ಒಲೆ ಹೂಡಿದ. ಅಕ್ಕಿ ತಾನೇ ತಂದ. ನೀರನ್ನು ಬೋರಿನ ಬಾಯಿಂದ ತಾನೇ ಹಿಡಿದ. ಪಾತ್ರೆ ತಾನೇ ತೊಳೆದ. ಬಾಗಿಲಿಗೆ ಬೀಗ, ಬೀಗದ ಕೈ ಉಡಿದಾರದಲ್ಲಿ. ಊರಿನ ಶ್ರೀಮಂತ, ಗಂಜಿ ಕಾಯಿಸಿಕೊಂಡು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ.

ಒಂದು ಮಧ್ಯಾಹ್ನ ಅದೇ ಗಂಜಿ ಉಂಡು ಏಳುವಷ್ಟರಲ್ಲಿ ಕರುಳು ತಿರುಚಿಕೊಂಡಿತು. ಹೋದ, ಬಂದ, ಮತ್ತೆ ಹೋದ. ನೆತ್ತರು ಕಂಡ. ಗೋಡೆ ಹಿಡಿದುಕೊಂಡು ಬಂದು ಪಾತ್ರೆಯ ಮುಂದೆ ಕುಸಿದ. ಅಭ್ಯಾಸಬಲ ನೋಡಿ, ಆ ಸ್ಥಿತಿಯಲ್ಲೂ ಅವನು ಲೆಕ್ಕ ಹಾಕಿದ: ಯಾರ್ ಬಂದಿದ್ರು? ಯಾರ್ ಮುಟ್ಟಿದ್ರು? ಅಕ್ಕಿಗೆ ಯಾರ ಕೈ? ನೀರಿಗೆ ಯಾರ ಕೈ? ಬೀಗಕ್ಕೆ?

ಒಂದೇ ಕೈ. ಅವನದೇ.

ಬೇಲಿಯಾಚೆ ಸೊಪ್ಪಿನ ಹೊರೆ ಹೊತ್ತು ನಿಂತಿದ್ದ ಹೆಂಡತಿ ಕೇಳಿದಳು: "ಇವತ್ತು ಯಾರು ಇಕ್ಕಿದ್ದು?"

ಅವಳೇ ಹೊರೆ ಇಳಿಸಿ, ಬೇಲಿ ದಾಟಿ ಬಂದು, ಅವನ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದಳು. ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದರು. ಮಾತ್ರೆ ನಿಲ್ಲಿಸಿದ್ದಕ್ಕೆ ಚೆನ್ನಾಗಿ ಬೈಸಿಕೊಂಡ. ಔಷಧಿ ಮತ್ತೆ ಶುರುವಾಯಿತು. ಹೆಸರು ಮಾತ್ರ ಆಗಲೂ ಸಿಗಲಿಲ್ಲ. ಸಿಕ್ಕಿತು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಬಹುದಿತ್ತು. ಸುಳ್ಳು ಹೇಳಲಾರೆ. ಕೆಲವು ದಿನ ಮೇಲು, ಕೆಲವು ದಿನ ಕೀಳು. ಹಾಗೇ ಬದುಕುವುದನ್ನು ಅವನು ಕಲಿಯಬೇಕಾಯಿತು.

ಮತ್ತೆ ಚಳಿ ಬಿತ್ತು. ಅವನು ಅಕ್ಕನಿದ್ದ ಊರಿಗೆ ಹೊರಟ. ಅಕ್ಕ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಿ ನೋಡಿದಳು.

"ಬಂದ್ಯಾ. ಹೊಟ್ಟೆ ಹೆಂಗದೆ?"

ಅಷ್ಟು ದಿನ ಊರೆಲ್ಲ ಅವನನ್ನು ಕೇಳಿದ್ದು ಯಾರು ಮಾಡಿದ್ದು ಎಂದು. ಅವನ ಮಾತಿಂದ ಮಾನ ಕಳೆದುಕೊಂಡವಳು ಕೇಳಿದ್ದು ಇದನ್ನು.

"ಹಂಗೇ ಅದೆ ಅಕ್ಕ. ಎಸರು ಇನ್ನೂ ಸಿಕ್ಕಿಲ್ಲ."

"ಎಸರು ಕಟ್ಕೊಂಡು ಏನ್ ಮಾಡ್ತೀಯ. ನೋಯ್ತದಾ?"

"ನೋಯ್ತದೆ."

ಅವಳು ಎದ್ದು ಒಳಗೆ ಹೋದಳು. ಅನ್ನವನ್ನು ಮೆತ್ತಗೆ ಬೇಯಿಸಿ, ಖಾರವಿಲ್ಲದ ತಿಳಿಸಾರು ಹಾಕಿ ತಟ್ಟೆ ತಂದು ಇಟ್ಟಳು. ಅವನು ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡು ಬಂದಿದ್ದ, ಈಗ ಹೇಳಿಬಿಡೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕನ ಕೈ ಅವನ ತಟ್ಟೆಗೆ ಬಂತು. ಒಂದು ತುತ್ತು ಕಲಸಿತು. ಅವಳ ಬಾಯಿಗೇ ಹೋಯಿತು. ನುಂಗಿ, ಅವನು ನೋಡಲಿ ಎಂದು ಸ್ವಲ್ಪ ಹೊತ್ತು ಕೂತು, "ಇನ್ನು ತಿನ್ನು," ಎಂದಳು.

ಕೋಪದಿಂದ ಮಾಡಿದ್ದಲ್ಲ. ಹಂಗಿಸಲು ಮಾಡಿದ್ದಲ್ಲ. ಕೈಗೆ ರೂಢಿಯಾಗಿಹೋಗಿತ್ತು. ಅವನೇ ಕಲಿಸಿದ ರೂಢಿ.

ಕಟ್ಟಿಕೊಂಡು ಬಂದ ಮಾತನ್ನು ಬಿಟ್ಟು ಅವನು ತಟ್ಟೆ ಹತ್ತಿರಕ್ಕೆ ಎಳೆದುಕೊಂಡ. ಉಂಡ. ಕೈ ತೊಳೆದು, "ಮನೆಗೆ ಬಾ ಅಕ್ಕ," ಎಂದ.

"ನಿನ್ ಮನೆಗೆ ಬರೋದು ಕಷ್ಟ ಅಲ್ಲ ತಮ್ಮಯ್ಯ. ನಿನ್ ತಟ್ಟೆ ಮುಂದೆ ಕೂರೋದು ಕಷ್ಟ." ಅವಳು ಬರಲಿಲ್ಲ. ಉಳಿದ ಅವರೆಕಾಯಿಗೆ ಕೈ ಹಾಕಿದಳು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಡಾಕ್ಟರಮ್ಮ ಹೇಳಿದ ಆ ನಾಯಿ ಎಲ್ಲಿತ್ತು? ಅವನ ಕರುಳಲ್ಲಿ ಮಾತ್ರ ಇತ್ತೇ? ಮನಸ್ಸಿನ ಬಾಗಿಲಲ್ಲೂ ಒಂದು ಕೂತಿತ್ತು. ಕರುಳಿನದನ್ನು ತಂದವನು ಅವನಲ್ಲ, ಅದಕ್ಕೆ ಅವನನ್ನು ಯಾರೂ ದೂರಬಾರದು. ಮನಸ್ಸಿನದಕ್ಕೆ ದಿನವೂ ಅನ್ನ ಹಾಕಿದವನು ಯಾರು?

ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಪರೀಕ್ಷೆಯಲ್ಲಿ ಏನೂ ಇಲ್ಲ, ಆದರೂ ನೋವು ಎನ್ನುವವರು. ಅವರಿಗೆ ನೀವೇನು ಹೇಳುತ್ತೀರಿ? ನಾಟಕ ಅನ್ನುತ್ತೀರಿ, ಕೆಲಸಗಳ್ಳಿ ಅನ್ನುತ್ತೀರಿ. ಇಲ್ಲವೇ ಯಾರೋ ಏನೋ ಮಾಡಿಸಿದ್ದಾರೆ ಅನ್ನುತ್ತೀರಿ. ಜ್ವರಕ್ಕೆ ಕೂತ ಹುಳವನ್ನು ಯಾಕೆ ಮೇಯುತ್ತಿಲ್ಲ ಎಂದು ಯಾರಾದರೂ ಗದರಿಸುತ್ತಾರೆಯೇ? ಅಲ್ಲಾಡಿಸದೆ ಕಾಯುತ್ತೀರಿ. ಹುಳಕ್ಕೆ ಕೊಡುವ ನಂಬಿಕೆಯನ್ನು ಸೊಸೆಗೆ ಕೊಡಿ, ಗಂಡನಿಗೆ ಕೊಡಿ. ಮದ್ದು ತೆಗೆಸಲು ಬಸ್ಸು ಹತ್ತಬೇಡಿ. ಹೆಸರು ಸಿಗದಿದ್ದರೂ ಡಾಕ್ಟರ ಬಾಗಿಲು ಬಿಡಬೇಡಿ. ಯಾರು ಮಾಡಿದ್ದು ಎಂಬ ಮಾತು ನಾಲಿಗೆ ತುದಿಗೆ ಬಂದಾಗ ಅದನ್ನು ನುಂಗಿ, ಹೇಗಿದೆ ಎಂದು ಕೇಳಿ. ನೋವಿದ್ದವರೇ, ನಿಮಗೂ ಹೇಳುತ್ತೇನೆ. ನಿಮ್ಮ ನೋವು ನಿಜ. ಆದರೆ ಬಡಿಸುವ ಕೈಯನ್ನು ಅದಕ್ಕೆ ಬಲಿ ಕೊಡಬೇಡಿ.

ಆ ಶ್ರೀಮಂತ ಊರಲ್ಲಿ ಯಾರಿಗೂ ಬಾಕಿ ಇಟ್ಟುಕೊಂಡವನಲ್ಲ. ಅಕ್ಕ ಅವನ ತಟ್ಟೆಯಿಂದ ತಿಂದ ಆ ಮೊದಲ ತುತ್ತುಗಳ ಸಾಲ ಮಾತ್ರ ಇನ್ನೂ ಹಾಗೇ ಇದೆ. ತೀರಿಸುವ ದಾರಿ ಅವನಿಗೆ ತಿಳಿದಿಲ್ಲ, ನನಗೂ ತಿಳಿದಿಲ್ಲ. ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಬಡಿಸುವವರ ಮುಖವನ್ನೊಮ್ಮೆ ನೋಡಿ. ಅನುಮಾನದಿಂದಲ್ಲ. ಆಮೇಲೆ ಮೊದಲ ತುತ್ತು ನೀವೇ ತಿನ್ನಿ.