ಇಂಗೆಬೋರ್ಗ್ ಅಜ್ಜಿ ಹೊಸ ಊರಿಗೆ ಬರಲಿಲ್ಲ

ನಮ್ಮ ಹೊಸ ಊರು ಅಲ್ವೀನಾ ಹುಟ್ಟಿದ ವಾರದಲ್ಲೇ ಮೊದಲ ರಕ್ತ ಹರಿಯಿತು. ಕ್ಷೌರಿಕ ಪಿಪ್‌ಗ್ರಾಸ್‌ನ ಅಂಗಡಿಯಲ್ಲಿ ಗಿರಾಕಿಯೊಬ್ಬನ ಗಲ್ಲ ಅರ್ಧ ಅಂಗುಲ ಕುಯ್ದುಹೋಯಿತು. ಪಿಪ್‌ಗ್ರಾಸ್ ತಪ್ಪು ಒಪ್ಪಲಿಲ್ಲ. ಆ ಹೊತ್ತಿಗೆ ಅಂಗಡಿ ಬಯಲಿನಲ್ಲಿ ಚಲಿಸುತ್ತಿತ್ತು.

ರೈಲು ಹಳಿ ನಮ್ಮ ಹಳೇ ಊರನ್ನು ಐದು ಮೈಲಿ ದೂರಕ್ಕೆ ಬಿಟ್ಟು ಹೋಗಿತ್ತು. ರೈಲು ಬರುವುದಿಲ್ಲ ಅಂದಮೇಲೆ ಊರೇ ಹೋಗಬೇಕಲ್ಲ. ಹಿಮ ಗಟ್ಟಿಯಾದ ಮೇಲೆ ಮನೆಗಳನ್ನು ಅಡಿಪಾಯದಿಂದ ಎತ್ತಿ, ಕೆಳಗೆ ದಿಮ್ಮಿ ಕೊಟ್ಟು, ಎತ್ತು ಕಟ್ಟಿ ಎಳೆದರು. ಒಳಗೆ ಒಲೆ ಉರಿಯುತ್ತಿತ್ತು, ಆಲೂಗಡ್ಡೆ ಬೇಯುತ್ತಿತ್ತು. ಮೊದಲು ಮುಟ್ಟಿದ ಮನೆಗೆ ಸ್ಟೇಷನ್ ಎದುರಿನ ಮೂಲೆ ನಿವೇಶನ ಎಂದು ರೈಲಿನವರು ಸಾರಿದ್ದರು.

ಮೊದಲು ಮುಟ್ಟಿದವನು ನಮ್ಮ ತಂದೆಯ ಸೋದರತ್ತೆಯ ಮಗ ಆಸ್ಲಾಕ್. ಮನೆ ಹೊರಟಾಗ ಹಾಸಿಗೆಯಲ್ಲಿ ಮಲಗಿದ್ದ ಅವನ ತಾಯಿ, ಇಂಗೆಬೋರ್ಗ್ ಅಜ್ಜಿ, ಒಳಗೇ ಇರಬೇಕಿತ್ತು. ಬಾಗಿಲು ತೆಗೆದರೆ ಒಲೆ ಬಿಸಿ ಇತ್ತು. ಕಾಫಿ ಬಿಸಿ ಇತ್ತು. ಮಂಚದ ಕೆಳಗೆ ಅಜ್ಜಿಯ ಬೂಟುಗಳಿದ್ದವು. ಅಜ್ಜಿ ಇರಲಿಲ್ಲ.

ಬಂದ ದಾರಿಯನ್ನೆಲ್ಲ ಹುಡುಕಿದರು. ಹಿಮದ ಮೇಲೆ ಎತ್ತಿನ ಗೊರಸು, ದಿಮ್ಮಿಯ ಗೀರು, ಆಸ್ಲಾಕ್‌ನ ಹೆಜ್ಜೆ... ಬೇರೆ ಏನೂ ಇಲ್ಲ.

"ಮನೆ ಹೋದ್ರೆ ಹೋಗ್ಲಿ, ನಾನು ಬರಲ್ಲ" ಎಂದು ಅಜ್ಜಿ ಹಿಂದಿನ ದಿನ ದಿನಸಿ ಅಂಗಡಿಯಲ್ಲಿ ಕೂಗಾಡಿದ್ದನ್ನು ಎಲ್ಲರೂ ಕೇಳಿದ್ದರು. ಅಡ್ಡ ಬಂದ ಮುದುಕಿ, ಮೂಲೆ ನಿವೇಶನದ ಮೇಲೆ ಕಣ್ಣಿಟ್ಟ ಮಗ. ಊರು ತೀರ್ಪು ಕೊಟ್ಟು ಊಟಕ್ಕೆ ಹೋಯಿತು. ಪೊಲೀಸ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಪಿಪ್‌ಗ್ರಾಸ್ ಮಾತ್ರ ಹೇಳಿದ: "ಶೆರಿಫ್ ಶನಿವಾರ ಬರ್ತಾನೆ. ಅಷ್ಟರೊಳಗೆ ನಿಮ್ಮಮ್ಮನ್ನ ತೋರ್ಸು. ಇಲ್ಲಾಂದ್ರೆ ನಿನ್ನ ಕುತ್ತಿಗೆಗೆ ಹಗ್ಗ."

ಆ ರಾತ್ರಿ ಅಜ್ಜಿಯನ್ನು ಹುಡುಕಲು ಇಬ್ಬರೂ ಹಳೇ ಊರಿಗೆ ನಡೆದರು. ಪಿಪ್‌ಗ್ರಾಸ್ ಹತ್ತು ಹೆಜ್ಜೆ ಹಿಂದೆ.

"ಪಕ್ಕದಲ್ಲೇ ಬಾರಯ್ಯ."

"ಬೇಡ ಬೇಡ. ನೀನು ಕಣ್ಣಿಗೆ ಕಾಣ್ತಿರು, ಸಾಕು."

ಹಳೇ ಊರಿನಲ್ಲಿ ಉಳಿದದ್ದು ಬಾವಿಗಳು, ನೆಲಮಾಳಿಗೆಯ ಗುಂಡಿಗಳು, ಅಡಿಪಾಯದ ಕಲ್ಲುಗಳು. ದೊಡ್ಡ ಬಾವಿ ದಾಟುವಾಗ ರಾಟೆ ಸದ್ದು ಮಾಡಿತು. ಕಿರ್‌ಕ್... ಕಿರ್‌ಕ್... ಹಗ್ಗವನ್ನು ಬಿಚ್ಚಿ ಒಯ್ದು ಮೂರು ದಿನವಾಗಿತ್ತು.

"ಗಾಳಿ" ಎಂದ ಪಿಪ್‌ಗ್ರಾಸ್ ಪಿಸುದನಿಯಲ್ಲಿ. ಈಗ ಅವನು ಆಸ್ಲಾಕ್‌ನ ಪಕ್ಕದಲ್ಲೇ ಇದ್ದ.

ಆಸ್ಲಾಕ್‌ನ ಮನೆಯಿದ್ದ ಜಾಗಕ್ಕೆ ಬಂದರು. ನಾಲ್ಕು ಸಾಲು ಕಲ್ಲು, ನಡುವೆ ಹಿಮ. ಆಗ ಕೇಳಿಸಿತು... ಒಲೆಯ ಮುಚ್ಚಳ, ಟಣ್. ಆಮೇಲೆ ತೂಗುಕುರ್ಚಿ ಹಲಗೆಯ ಮೇಲೆ ಆಡುವ ಸದ್ದು. ಗಿರಕ್... ಗಿರಕ್... ಅಲ್ಲಿ ಹಲಗೆ ಇರಲಿಲ್ಲ. ಕುರ್ಚಿಯೂ ಇರಲಿಲ್ಲ.

"ಆಸ್ಲಾಕ್, ಬಾಗಿಲು ಹಾಕೋ. ಚಳಿ ಹೊಡೀತಿದೆ."

"ಅಮ್ಮಾ... ಹೊಸ ಊರಿಗೆ ಬಾ. ಎಲ್ರೂ ನನ್ನ ಮೇಲೆ ಅನುಮಾನ ಪಡ್ತಿದಾರೆ."

"ನಾನ್ಯಾಕೆ ಬರ್ಲಿ? ನಾನು ಮನೇಲೇ ಇದೀನಿ. ಪಕ್ಕದಲ್ಲಿ ಯಾರು?"

"ಪಿಪ್‌ಗ್ರಾಸ್."

"ಬೂಟು ಒರೆಸ್ಕೊಂಡು ಬರೋಕೆ ಹೇಳು."

ಪಿಪ್‌ಗ್ರಾಸ್ ಬೂಟು ಒರೆಸಿಕೊಂಡ. ಒರೆಸಿಕೊಂಡು, ಒಳಗೆ ಹೋಗದೆ, ಐದು ಮೈಲಿ ಓಡಿದ.

ಮರುದಿನ ಬೆಳಿಗ್ಗೆ ಆಸ್ಲಾಕ್ ಮತ್ತೆ ಎತ್ತು ಕಟ್ಟಿದ. ಮನೆ ಹಳೇ ಊರಿನ ಕಡೆಗೆ ತಿರುಗಿದ್ದನ್ನು ಕಂಡು ಊರು ಬೀದಿಗೆ ಬಂತು.

"ಹಿಡೀರಿ, ಓಡಿಹೋಗ್ತಿದಾನೆ!"

"ಮನೆ ಎಳ್ಕೊಂಡು ಯಾರಯ್ಯ ಓಡಿಹೋಗ್ತಾರೆ?"

"ಹಿಂದಕ್ಕೆ ಹೋದ್ರೆ ಮೂಲೆ ನಿವೇಶನ ನಿಂದಲ್ಲ, ತಿಳ್ಕೋ!" ಎಂದು ಒಬ್ಬ ಕೂಗಿದ. ಆಸ್ಲಾಕ್ ತಿರುಗಿ ನೋಡಲಿಲ್ಲ.

ರಾತ್ರಿಯ ಸಂಗತಿಯನ್ನು ಪಿಪ್‌ಗ್ರಾಸ್ ಯಾರಿಗೂ ಹೇಳಿರಲಿಲ್ಲ. ಕಾವಲಿಗೆ ಅವನನ್ನೇ ಮನೆಯೊಳಗೆ ಕೂರಿಸಿದರು. ಹೊರಡುವ ಮೊದಲು ಅವನು ಮಂಚದ ಕೆಳಗೆ ಬಗ್ಗಿ ನೋಡಿದ, ಅಟ್ಟ ಹತ್ತಿ ನೋಡಿದ, ಹಿಟ್ಟಿನ ಡಬ್ಬಿಯನ್ನೂ ತೆಗೆದು ನೋಡಿದ. ಯಾರೂ ಇಲ್ಲ. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು, ಖಾಲಿ ಹಾಸಿಗೆಯನ್ನು ದಿಟ್ಟಿಸುತ್ತ ದಾರಿಯುದ್ದಕ್ಕೂ ಕೂತ. ಆಸ್ಲಾಕ್ ಏನಾದರೂ ಕೈಚಳಕ ಮಾಡಿಯಾನು ಎಂಬ ಗುಮಾನಿ ಅವನಿಗೆ ಆಗಲೂ ಹೋಗಿರಲಿಲ್ಲ.

ಸಂಜೆಯ ಹೊತ್ತಿಗೆ ಮನೆ ಹಳೇ ಕಲ್ಲುಗಳ ಮೇಲೆ ಕೂತಿತು. ಧಡ್. ಆ ಏಟಿಗೆ ಪಿಪ್‌ಗ್ರಾಸ್‌ನ ಟೋಪಿ ಕಣ್ಣಿನ ಮೇಲೆ ಜಾರಿತು. ಅವನು ಟೋಪಿ ಸರಿಮಾಡಿಕೊಂಡ. ಅಷ್ಟೇ ಹೊತ್ತು.

ಹಾಸಿಗೆಯಲ್ಲಿ ಇಂಗೆಬೋರ್ಗ್ ಅಜ್ಜಿ ಮಲಗಿದ್ದಳು. ಕಂಬಳಿ ಗಲ್ಲದವರೆಗೆ. ಕಣ್ಣು ಮುಚ್ಚಿತ್ತು.

"ಅಮ್ಮಾ" ಅಂದ ಆಸ್ಲಾಕ್ ಬಾಗಿಲಲ್ಲಿ ನಿಂತು. ಪಿಪ್‌ಗ್ರಾಸ್ ಅವಳ ಹಣೆ ಮುಟ್ಟಿದ. ಬೆಚ್ಚಗಿತ್ತು. ಉಸಿರು ಇರಲಿಲ್ಲ.

ಇದನ್ನು ನನಗೆ ಹೇಳಿದವನು ಪಿಪ್‌ಗ್ರಾಸ್, ನನ್ನ ಗಡ್ಡ ಹೆರೆಯುತ್ತ. ಕುತ್ತಿಗೆಯ ಮೇಲೆ ಕತ್ತಿಯಿಟ್ಟವನ ಮಾತನ್ನು ಅನುಮಾನಿಸುವ ಅಭ್ಯಾಸ ನನಗಿಲ್ಲ. ಆದರೂ ಆಸ್ಲಾಕ್‌ನನ್ನು ಬೇರೆಯಾಗಿ ಕೇಳಿದೆ. ಒಂದಕ್ಷರ ವ್ಯತ್ಯಾಸ ಇರಲಿಲ್ಲ. ನಡೆದದ್ದು ಹೀಗೆಯೇ.

ಶನಿವಾರ ಶೆರಿಫ್ ಜೊತೆ ವೈದ್ಯರೂ ಬಂದರು. ಮೈಮೇಲೆ ಗಾಯವಿಲ್ಲ, ವಯಸ್ಸಿನಿಂದ ಬಂದ ಸಹಜ ಸಾವು ಎಂದರು. ಆಸ್ಲಾಕ್‌ನನ್ನು ಬಿಟ್ಟರು. ಮೂಲೆ ನಿವೇಶನದಲ್ಲಿ ಈಗ ಬ್ಯಾಂಕ್ ಇದೆ.