ಒತ್ತು ಬಿಟ್ಟ ಕತೆ

ಹಲೋ… ಯಾರು ಮಾತಾಡೋದು? ಸ್ವಲ್ಪ ಗಟ್ಟಿಯಾಗಿ ಹೇಳು ತಾಯಿ, ಈ ಕಡೆ ಕಿವಿ ಮಂದ.

…

ಹಾಂ, ಉದ್ಯಾನದ ಕಚೇರಿಯಾ? ಬೆಟ್ಟ, ಕೆರೆ, ಹಳೇ ಕೋಟೆ, ನಮ್ಮ ಮನೆ ಎಲ್ಲಾ ಸೇರಿಸಿ ಬೇಲಿ ಹಾಕಿದ್ರಲ್ಲ, ಅವರೇ ಅಲ್ವಾ? ಹೌದು, ಅರ್ಜಿ ನಾನೇ ಬರೆದಿದ್ದು. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ.

…

ಪರಂಪರೆಯ ಪಟ್ಟಿಗೆ ಸೇರಿತಾ? ಸಾಹೇಬರ ರುಜು ಒಂದೇ ಬಾಕಿನಾ? ನಿನ್ನ ಬಾಯಿಗೆ ಸಕ್ಕರೆ ಹಾಕ! ಅಷ್ಟು ದೊಡ್ಡ ಮರ್ಯಾದೆ ಬೇಕಿರಲಿಲ್ಲ, ಪ್ರಾಣಿಗಳ ಪಟ್ಟಿಯೇ ಸಾಕಾಗಿತ್ತು. ಯಾವ ಪಟ್ಟಿಯಲ್ಲೂ ಇಲ್ಲದ್ದನ್ನೆಲ್ಲ ನಾಳೆ ಲಾರಿ ಹತ್ತಿಸಿ ಹೊರಗೆ ಸಾಗಿಸ್ತಾರೆ ಅಂದಿದ್ರು. ಮೂರು ದಿನದಿಂದ ನಂಗೆ ಊಟ ಸೇರಿಲ್ಲ.

…

ಯಾರಿಂದ ಬಂತು ಅಂದ್ರೆ? ನಮ್ಮಕ್ಕ ಕೊಟ್ಟಿದ್ದು. ಹಗ್ಗದ ಸಮೇತ.

…

ಎಷ್ಟು ಉದ್ದ? ಬಾಲ ಸೇರಿಸಿದ್ರೆ ಒಂದು ಮಾರಿಗಿಂತ ಚೂರು ಜಾಸ್ತಿ.

…

ಮಕ್ಕಳನ್ನ ಮುಂದೆ ಕೂರಿಸಬಹುದಾ ಅಂತೀಯಾ? ಮುಂದೆ ಕೂರಿಸು, ಹಿಂದೆ ಮಾತ್ರ ಬೇಡ. ಒದೆಯುತ್ತೆ.

…

ತಡಿ, ತಡಿ. ಅರ್ಜಿಯಲ್ಲಿ ಏನಂತ ಇದೆ? ಓದು.

…

"ನಮ್ಮ ಮನೆಯಲ್ಲಿ ಮೂವತ್ತು ವರ್ಷದ ಹಳೇ ಕತೆ ಇದೆ"… ಕತೆನಾ? ಅಯ್ಯೋ, ಒತ್ತು ಬಿಟ್ಟಿದ್ದೀನಿ! ಒತ್ತಕ್ಷರ ಹೇಳಿಕೊಟ್ಟ ವಾರ ನಂಗೆ ಜ್ವರ. ತ-ಗೆ ತ ಒತ್ತು. ಕತ್ತೆ ಮಗಳೇ, ಕತ್ತೆ!

…

ಅಯ್ಯಯ್ಯೋ, ನಿನ್ನನ್ನ ಬೈದಿದ್ದಲ್ಲ ತಾಯಿ! ಸಾಕಿದ ಕತ್ತೆ. ನಾಲ್ಕು ಕಾಲಿಂದು. ನಗಬೇಡ, ಒತ್ತು ಸೇರಿಸಿಬಿಡು, ಒಂದು ಗೀಟು ತಾನೆ?

…

ಪ್ರಾಣಿಗಳ ಪಟ್ಟಿ ನಿನ್ನೆಗೇ ಮುಗೀತಾ? ಹಾಗಾದ್ರೆ ಈಗ ತಿದ್ದಿದ್ರೆ… ಲಾರಿಗೇನಾ?

…

ತಿದ್ದಬೇಡ! ಕೈ ಮುಗಿತೀನಿ, ಪೆನ್ನು ಕೆಳಗಿಡು. ಕತೆ ಅಂತಲೇ ಇರಲಿ. ಕತೆಯನ್ನ ಲಾರಿ ಹತ್ತಿಸೋಕೆ ಬರಲ್ಲ, ಅಲ್ವಾ? ಅಲ್ವಾ?

…

ನಿಮ್ಮ ದೊಡ್ಡ ಸಾಹೇಬರು ಪಕ್ಕದಲ್ಲೇ ಇದ್ದಾರಾ? ಕತೆ ಈಗಲೇ ಕೇಳಬೇಕಂತಾ? ಫೋನಲ್ಲೇ?… ನೀನು ಏನೂ ಹೇಳಬೇಡ. ಕಿಟಕಿ ಹತ್ರ ಹಿಡೀತೀನಿ… ಪುಟ್ಟಾ, ನನ್ನ ಬಂಗಾರ, ಒಂದೇ ಒಂದು ಸಲ ಕೂಗು, ಮಾನ ಉಳಿಸು…

…

ಕೇಳಿಸ್ತಾ? ಏನಂದ್ರು?

…

ಹಳೇ ಕಾಲದ ಧಾಟಿ, ಈಗಿನವರಿಗೆ ಆ ಗಂಟಲು ಬರಲ್ಲ ಅಂದ್ರಾ? ಕಣ್ಣಲ್ಲಿ ನೀರಾ?

…

ರುಜು ಹಾಕಿದ್ರಾ? ಅಬ್ಬಾ, ಉಳೀತು! ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ. ಸಾಹೇಬರಿಗೆ ಹೇಳು, ಈ ಕತೆ ಇನ್ನೂ ಐದಾರು ವರ್ಷ ಮುಗಿಯಲ್ಲ… ಏಯ್! ಅದು ಹುಲ್ಲಲ್ಲ ಕಣೋ, ಫೋನಿನ ವೈರು! ಬಾಯಿ ಬಿಡು! ಬಿಡೋ, ಕತ್—