ಮುಖಗಳ ಮೇಲೆ ಬಳಿದ ಸಮುದ್ರ

ದೀಪ ಸಣ್ಣ ಮಾಡಿ, ಹೇಳ್ತೀನಿ. ನಗೋರು ಈಗಲೇ ಎದ್ದು ಹೋಗಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು. ಎಲ್ಲರೂ ಅವನನ್ನ ಬಣ್ಣದಣ್ಣ ಅಂತಿದ್ರು. ಯುದ್ಧದಲ್ಲಿ ನೌಕಾಪಡೆಯವರು ಅವನನ್ನ ಹಡಗು ಹತ್ತಿಸಿದ್ದು ಗುಂಡು ಹೊಡೆಯೋಕಲ್ಲ, ಚಿತ್ರ ಬರೆಯೋಕೆ.

ಆ ರಾತ್ರಿ ಅಧಿಕಾರಿಗಳ ಜತೆ ಊಟ ಮುಗಿಸಿ ಒಬ್ಬನೇ ಮನೆಗೆ ಬರ್ತಿದ್ದ. ಇವನು ಬರೆದಿದ್ದ ಮುಳುಗುವ ಹಡಗಿನ ದೊಡ್ಡ ಚಿತ್ರ ಅವರಿಗೆ ಒಪ್ಪಿಗೆಯಾಗಿತ್ತು, ಬೆಳಗ್ಗೆ ಬಂದು ಒಯ್ಯೋರಿದ್ದರು. ಒಂದೇ ತಿದ್ದುಪಡಿ... ನೀರಲ್ಲಿ ಬಾಯಿ ತೆರೆದು ಕೂಗ್ತಿರೋ ಜನ ಬೇಡ, ನೋಡೋರ ಧೈರ್ಯ ಕೆಡುತ್ತೆ. ಇವನು ಮರುಮಾತಾಡದೆ ಸಂಜೆಯೇ ಅವರ ಮೇಲೆ ಸಮುದ್ರ ಬಳಿದುಬಿಟ್ಟಿದ್ದ. ಅವರಲ್ಲೊಬ್ಬ ಸ್ವಂತ ಹೆಂಡತಿಯ ತಮ್ಮ ಕಣ್ರೀ! ಅವಳಿಗೆ ಹೇಳಿದ್ದೇ ಬೇರೆ: "ಹಡಗು ಸಿಡಿದ ಕ್ಷಣಕ್ಕೇ ಹೋದ, ನರಳಲಿಲ್ಲ."

ಮನೆ ಹಿಂದಿನ ಬಾವಿ ಹತ್ತಿರ ಬಂದ. ಗಾಳಿ ಇಲ್ಲ. ರಾಟೆ ತಾನಾಗೇ... ಕಿರ್ರ್... ಕಿರ್ರ್... ಒಳಗೆ ನೀರು ಬಡಿಯೋ ಸದ್ದು. ಚಪ್... ಚಪ್... ಯಾರೋ ಕೈಸೋತು ಈಜ್ತಿರೋ ಹಾಗೆ.

"ಭಾವಾ... ಹಗ್ಗ ಹಾಕಿ."

ಹೆಂಡತಿಯ ತಮ್ಮನದೇ ದನಿ. ಆ ಹಡಗು ಮುಳುಗಿದ ದಿನವೂ ಇದೇ ಮಾತು. ಇವನಿದ್ದ ಹಡಗು ನಿಲ್ಲದೆ ನೀರಲ್ಲಿದ್ದವರ ಪಕ್ಕದಲ್ಲೇ ಹಾದುಹೋಗಿತ್ತು. ಹಗ್ಗದ ಸುರುಳಿ ಕಾಲ ಬಳಿಯೇ ಬಿದ್ದಿತ್ತು. ಇವನ ಕೈಯಲ್ಲಿ ಪೆನ್ಸಿಲ್. ಬೆಳಕು ಹೋಗೋದ್ರೊಳಗೆ ಮುಖಗಳು ಸಿಗಲಿ ಅಂತ... ಬಿಡಿಸ್ತಾ ನಿಂತಿದ್ದ, ಪಾಪಿ!

"ಅವತ್ತು ಕೈ ಬಿಡುವಿರಲಿಲ್ಲ ಕಣೋ," ಅಂತ ಪಿಸುಗುಟ್ಟಿದ.

"ಈಗ ಬಿಡುವಿದೆಯಲ್ಲ ಭಾವಾ. ನೀವೇ ಇಳೀರಿ."

ಬಾವಿಯೊಳಗೆ ಒಬ್ಬನಲ್ಲ, ತುಂಬಾ ಜನ ಚಳಿಗೆ ಹಲ್ಲು ಕಟಕಟ ಕಡಿಯೋ ಸದ್ದು. ಎದ್ದೆನೋ ಬಿದ್ದೆನೋ ಅಂತ ಓಡಿದ.

ಬಾಗಿಲು ಜಡಿದು, ಚಿತ್ರದ ಮುಂದೆ ಕುಕ್ಕರಿಸಿ, ಹಸಿ ಬಣ್ಣವನ್ನ ಅಲಗಿನಿಂದ ಕೆರೆಯತೊಡಗಿದ. ಕರ್... ಕರ್... ಸದ್ದಿಗೆ ಅವನ ಹೆಂಡತಿ, ನಮ್ಮ ಅತ್ತಿಗೆ, ಎದ್ದು ಬಂದು ಕೈದೀಪ ಎತ್ತಿ ಹಿಡಿದಳು. ಬಳಿದ ನೀರಿನಡಿಯಿಂದ ಅವಳ ತಮ್ಮನ ಮುಖ ಬಂತು, ಜೀವಂತ ಕಣ್ಣು ಬಿಟ್ಕೊಂಡು.

"ನರಳಲಿಲ್ಲ ಅಂದ್ರಿ," ಅಂದಳು.

ಅಷ್ಟೇ. ಅವನು ಸಾಯೋವರೆಗೂ ಅವನ ಜತೆ ಇನ್ನೊಂದು ಮಾತಾಡಲಿಲ್ಲ.

ಸುಳ್ಳು ಅನ್ನೋರು ಬನ್ನಿ, ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ಹಡಗಲ್ಲಿ ಬಿಡಿಸಿದ ಪೆನ್ಸಿಲ್ ಹಾಳೆಯೂ ಇದೆ, ಆ ಚಿತ್ರವೂ ಇದೆ. ಹಾಳೆಯಲ್ಲಿ ಎಲ್ಲರೂ ಬಾಯಿ ತೆರೆದು ಕೂಗ್ತಿದಾರೆ. ಬಣ್ಣದಲ್ಲೂ ಹಾಗೇ ಬರೆದಿದ್ದೆ ಅಂತ ಅವನು ಅಳ್ತಾ ಆಣೆ ಇಡ್ತಿದ್ದ.

ಕೆರೆದಾಗ ಬಂದ ಮುಖಗಳಲ್ಲಿ... ಒಬ್ಬರ ಬಾಯಿಯೂ ತೆರೆದಿಲ್ಲ.